ಸ್ಲೇಟಿನ ಊರು ಎಲ್ಮ್

ಸ್ವಿಟ್ಜರ್ಲೆಂಡೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ತೋರುವುದು ಗಡಿಯಾರ, ಹಾಲಿನ ಚಾಕೊಲೇಟು, ಗೋಡೆಯ ಕ್ಯಾಲೆಂಡರಿನ ಮೇಲಿನ ಹಿಮಶಿಖರ, ಇವಿಷ್ಟೇ. ಆ ದೇಶದಲ್ಲಿಯೂ ಬಡತನವಿದ್ದಿತು, ಅಲ್ಲಿಯೂ ಹೊಟ್ಟೆಯ ಪಾಡಿಗಾಗಿ ಜನರು ಬೆಟ್ಟವನ್ನು ಬಗೆದರು, ಬಗೆದ ಬೆಟ್ಟವು ಒಂದು ದಿನ ಅವರ ಮೇಲೆಯೇ ಬಂದಿತು ಎಂಬ ಸಂಗತಿಯನ್ನು ಕ್ಯಾಲೆಂಡರಿನ ಚಿತ್ರಗಳು ಹೇಳುವುದಿಲ್ಲ. ಅಂತಹ ಒಂದು ಊರಿನ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು. ಊರಿನ ಹೆಸರು ಎಲ್ಮ್. ಅಲ್ಲಿ ಬಗೆದ ಕಲ್ಲು ಮತ್ತಾವುದೂ ಅಲ್ಲ, ಮಕ್ಕಳು ಅಕ್ಷರಾಭ್ಯಾಸ ಮಾಡುವ ಸ್ಲೇಟು. ಸ್ಲೇಟು ಬಳಪಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ಉಪಾಧ್ಯಾಯರಾದ ನಮಗೆ ಈ ಊರಿನ ಕಥೆಯಲ್ಲಿ ವಿಶೇಷವಾದ ಆಸಕ್ತಿ ಹುಟ್ಟಿದ್ದರೆ ವಾಚಕರು ಆಶ್ಚರ್ಯಪಡಲಾರರು.

ಸ್ವಿಟ್ಜರ್ಲೆಂಡಿನ ಪೂರ್ವಭಾಗದಲ್ಲಿ ಗ್ಲಾರುಸ್ ಎಂಬ ಸಣ್ಣ ಪ್ರಾಂತವುಂಟು. ಅಲ್ಲಿ ಪ್ರಾಂತಕ್ಕೆ ಕ್ಯಾಂಟನ್ ಎಂದು ಹೆಸರು. ಈ ಕ್ಯಾಂಟನ್ ೧೩೫೨ರಲ್ಲಿಯೇ ಸ್ವಿಸ್ ಒಕ್ಕೂಟವನ್ನು ಸೇರಿದುದು. ಲಿಂಟ್ ಎಂಬ ನದಿಯು ಇದರ ನಡುವೆ ಉತ್ತರಕ್ಕೆ ಹರಿಯುವುದು. ಶ್ವಾಂಡೆನ್ ಎಂಬ ಊರಿನ ಬಳಿ ಸೆರ್ನ್ಫ್ ಎಂಬ ಉಪನದಿಯು ಆಗ್ನೇಯದಿಂದ ಬಂದು ಅದನ್ನು ಕೂಡಿಕೊಳ್ಳುತ್ತದೆ. ಈ ಸೆರ್ನ್ಫಿನ ಕಣಿವೆಯನ್ನು ಹಿಡಿದು ಮೇಲಕ್ಕೆ ಹೋದರೆ ಮೊದಲು ಎಂಗಿ, ಅನಂತರ ಮಾಟ್, ಕೊನೆಗೆ ಎಲ್ಮ್. ಅದರಾಚೆಗೆ ಊರಿಲ್ಲ, ಪರ್ವತಗಳೇ. ಊರು ಸಮುದ್ರಮಟ್ಟದಿಂದ ಸುಮಾರು ೩೨೦೦ ಅಡಿ ಎತ್ತರದಲ್ಲಿದೆ. ಸುತ್ತಲಿನ ಹೌಸ್‌ಸ್ಟಾಕ್, ಪಿಟ್ಸ್ ಸೆಗ್ನಾಸ್, ಪಿಟ್ಸ್ ಸಾರ್ಡೋನಾ ಮೊದಲಾದ ಶಿಖರಗಳು ಹತ್ತು ಸಾವಿರ ಅಡಿಗಳನ್ನು ಮುಟ್ಟಿ ನಿಂತಿವೆ. ಕೊಪ್ಪರಿಗೆಯ ತಳದಲ್ಲಿ ಕುಳಿತ ಊರೆಂದರೆ ಸರಿಯಾದೀತು. ಹೊರಗೆ ಹೋಗಲು ಒಂದೇ ಸುಗಮವಾದ ದಾರಿ, ನದಿಯೊಡನೆ ಕೆಳಕ್ಕೆ. ಉಳಿದುವೆಲ್ಲ ಕಾಲ್ನಡಿಗೆಯ ಕಣಿವೆಮಾರ್ಗಗಳು. ಊರಿನ ಜನ ಆರೇಳು ನೂರು. ಅವರಲ್ಲಿ ಎಲ್ಮರ್, ರೀನರ್, ಸೆಂಟ್ನರ್ ಎಂಬ ಮನೆತನದ ಹೆಸರುಗಳೇ ತಲೆತಲಾಂತರದಿಂದ ಮತ್ತೆ ಮತ್ತೆ ಕೇಳಿಬರುತ್ತವೆ. ಮಾತು ಜರ್ಮನಿನ ಒಂದು ಉಪಭಾಷೆ. ಮತವು ಕ್ರೈಸ್ತರಲ್ಲಿ ಸುಧಾರಿತ ಪಂಥ.

ಊರಿನ ಪೂರ್ವ ದಿಕ್ಕಿಗೆ ಗರಗಸದ ಹಲ್ಲುಗಳಂತೆ ನಿಂತ ಶಿಲಾಪಂಕ್ತಿಯೊಂದುಂಟು. ಇವೇ ಚಿಂಗೆಲ್‌ಹೋರ್ನರ್ ಶಿಖರಗಳು. ಈ ಗೋಡೆಯ ನಡುವೆ, ೮೬೦೦ ಅಡಿ ಎತ್ತರದಲ್ಲಿ, ಬೆಟ್ಟದ ಒಂದು ಮೈಯಿಂದ ಇನ್ನೊಂದು ಮೈಗೆ ಹಾದುಹೋಗುವ ಒಂದು ತೂತು ಇದೆ. ಎತ್ತರ ಸುಮಾರು ಎಪ್ಪತ್ತು ಅಡಿ, ಅಗಲ ಅರುವತ್ತು. ಕೆಳಗಿನಿಂದ ನೋಡುವವರಿಗೆ ಬೊಟ್ಟಿನಷ್ಟೇ ಕಾಣುವುದು. ಜನರು ಇದನ್ನು ಮಾರ್ಟಿನ್ಸ್‌ಲೋಖ್, ಎಂದರೆ ಮಾರ್ಟಿನನ ರಂಧ್ರವೆಂದು ಕರೆಯುತ್ತಾರೆ. ನಮ್ಮವರಾಗಿದ್ದರೆ ಗವಾಕ್ಷವೆಂದು ಕರೆಯುತ್ತಿದ್ದರೋ ಏನೋ. ಗೋವಿನ ಕಣ್ಣಿನಂತಹ ಕಿಟಕಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಮಾರ್ಟಿನನೆಂಬ ಸಾಧುವು ಎಲ್ಮಿನ ಕಡೆಯಲ್ಲಿ ಕುರಿ ಕಾಯುತ್ತಿದ್ದಾಗ ಬೆಟ್ಟದಾಚೆಯಿಂದ ಒಬ್ಬ ದೈತ್ಯನು ಕುರಿಗಳನ್ನು ಕದಿಯಲು ಬಂದನಂತೆ. ಸಾಧುವು ಕಬ್ಬಿಣದ ಮೊನೆಯ ಕೋಲನ್ನು ಬೀಸಿ ಎಸೆಯಲು ಅದು ದೈತ್ಯನಿಗೆ ತಗಲದೆ ಬೆಟ್ಟಕ್ಕೆ ತಗಲಿ ಹೀಗೆ ತೂತಾಯಿತಂತೆ.

ಆದರೆ ಕಥೆಗಿಂತಲೂ ಇಲ್ಲಿಯ ಗಣಿತವೇ ಹೆಚ್ಚು ರಮ್ಯವಾದುದು. ವರ್ಷಕ್ಕೆ ಎರಡು ಬಾರಿ ಮಾತ್ರ, ಮಾರ್ಚಿ ೧೨, ೧೩ನೆಯ ತಾರೀಖುಗಳಲ್ಲಿ ಒಮ್ಮೆ, ಸೆಪ್ಟೆಂಬರ್ ೩೦, ಅಕ್ಟೋಬರ್ ೧ರಲ್ಲಿ ಮತ್ತೊಮ್ಮೆ, ಬೆಳಗಿನ ಸೂರ್ಯನು ಬೆಟ್ಟದ ಮೇಲಕ್ಕೆ ಬರುವುದಕ್ಕೆ ಮೊದಲು ಈ ರಂಧ್ರದ ಹಿಂದೆ ಹಾದುಹೋಗುತ್ತಾನೆ. ಆಗ ಊರೆಲ್ಲ ನೆರಳಿನಲ್ಲಿರುವಾಗ ಒಂದೇ ಕಿರಣಸ್ತಂಭವು ಸುಮಾರು ಮೂರು ಮೈಲಿ ಇಳಿದುಬಂದು ಊರಿನ ಇಗರ್ಜಿಯ ಗೋಪುರದ ಮೇಲೆ ಬೀಳುವುದು. ಕೆಲವೇ ನಿಮಿಷಗಳು, ಆಮೇಲೆ ಮತ್ತೆ ನೆರಳು. ಎರಡು ಬಾರಿ ಏಕೆ? ವಸಂತವಿಷುವಕ್ಕೆ ಸುಮಾರು ಎಂಟು ದಿನ ಮೊದಲೂ ಶರದ್ವಿಷುವಕ್ಕೆ ಸುಮಾರು ಎಂಟು ದಿನ ಅನಂತರವೂ ಸೂರ್ಯನ ದಕ್ಷಿಣಕ್ರಾಂತಿ ಒಂದೇ ಆಗಿರುತ್ತದೆ. ಆದುದರಿಂದ ಅವನು ಆಕಾಶದಲ್ಲಿ ಅದೇ ದಾರಿಯನ್ನು ಎರಡು ಸಲ ತುಳಿಯುತ್ತಾನೆ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ, ಅಮ್ಮಂದಿರು ಒಂದು ಪಂಚಾಂಗವನ್ನೂ ಒಂದು ತೂತು ಹೊಡೆದ ರಟ್ಟನ್ನೂ ಕೊಟ್ಟು ಈ ಲೆಕ್ಕವನ್ನು ಅವರಿಂದಲೇ ಮಾಡಿಸಬಹುದು.

ಇದೇ ಶಿಖರಪಂಕ್ತಿಯ ಮೇಲೆ ಇನ್ನೊಂದು ವಿಚಿತ್ರವುಂಟು. ಬೆಟ್ಟದ ಅಡ್ಡಕ್ಕೆ ದಾರ ಹಿಡಿದು ಗೀಚಿದಂತಹ ಒಂದು ಗೆರೆ ದೂರದಿಂದಲೇ ಕಾಣುವುದು. ಗೆರೆಯ ಮೇಲಿನ ಕಲ್ಲಿಗೆ ವಯಸ್ಸು ಇಪ್ಪತ್ತೈದರಿಂದ ಮೂವತ್ತು ಕೋಟಿ ವರ್ಷ. ಕೆಳಗಿನದಕ್ಕೆ ಮೂರೂವರೆಯಿಂದ ಐದು ಕೋಟಿ. ಮುತ್ತಜ್ಜನು ಮರಿಮಗನ ಹೆಗಲೇರಿ ಕುಳಿತಂತೆ! ಆರ್ನೋಲ್ಡ್ ಎಷರ್ ಎಂಬ ಸ್ವಿಸ್ ಪಂಡಿತನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದನ್ನು ಕಂಡು, ಯಾರೂ ನಂಬಲಾರರೆಂದು ಅಂಜಿ, ಕಲ್ಲಿನ ಪದರಗಳು ಎರಡು ಕಡೆಯಿಂದ ಮಡಿಚಿಕೊಂಡಿವೆಯೆಂಬ ಬೇರೆ ವಿವರಣೆಯನ್ನು ಆಶ್ರಯಿಸಿದನು. ಅವನ ಶಿಷ್ಯನಾದ ಆಲ್ಬರ್ಟ್ ಹೈಮ್ ಗುರುವಿನ ಮಾತನ್ನೇ ದೀರ್ಘಕಾಲ ಎತ್ತಿಹಿಡಿದನು. ೧೮೮೪ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆರ್ತ್ರಾಂ ಎಂಬಾತನು, ಸ್ಥಳವನ್ನು ನೋಡದೆಯೇ, ಹೈಮನ ಬರಹಗಳನ್ನೇ ಓದಿ, ಹಳೆಯ ಶಿಲಾರಾಶಿಯು ಇಡಿಯಾಗಿ ಹೊಸದರ ಮೇಲೆ ಜಾರಿಬಂದಿರಬೇಕೆಂದು ಬರೆದನು. ಅದೇ ನಿಜವಾಯಿತು. ಹೈಮನೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಈ ಪ್ರದೇಶವು ೨೦೦೮ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಹೈಮನೆಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅವನು ಮತ್ತೆ ಬರುವನು.

ಎಲ್ಮಿನ ಜನರ ಹಳೆಯ ಬಾಳು ಹಸುವಿನ ಬಾಳು. ಬೇಸಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಅಟ್ಟುವುದು, ಹಾಲನ್ನು ಗಿಣ್ಣು ಬೆಣ್ಣೆಗಳಾಗಿ ಮಾಡುವುದು, ಚಳಿಗಾಲಕ್ಕೆ ಹುಲ್ಲು ಕೂಡಿಡುವುದು. ಈ ಕ್ಯಾಂಟನಿನಲ್ಲಿ ತಯಾರಾಗುವ ಒಂದು ಹಸಿರು ಗಿಣ್ಣಿಗೆ ನೀಲಿ ಹೂವಿನ ಒಂದು ಸೊಪ್ಪನ್ನು ಒಣಗಿಸಿ ಪುಡಿಮಾಡಿ ಬೆರೆಸುತ್ತಾರೆ. ಆ ಗಿಡವು ನಮ್ಮ ಮೆಂತ್ಯದ ಕುಲಕ್ಕೆ ಸೇರಿದುದೆಂಬುದನ್ನು ಗೃಹಿಣಿಯರು ಗಮನಿಸಬಹುದು. ಅದನ್ನು ಮಾಡುವ ವಿಧಾನವನ್ನು ೧೪೬೩ರಷ್ಟು ಹಿಂದೆಯೇ ಜನಸಭೆಯು ಶಾಸನದಿಂದ ಗೊತ್ತುಮಾಡಿತು. ಬೇಟೆಯ ವಿಷಯದಲ್ಲಿಯೂ ಇವರ ಪೂರ್ವಿಕರು ದೂರದೃಷ್ಟಿಯುಳ್ಳವರು. ಎಲ್ಮಿನ ಪಶ್ಚಿಮಕ್ಕಿರುವ ಕೆರ್ಪ್ಫ್ ಪರ್ವತಭಾಗದಲ್ಲಿ ೧೫೪೮ರಲ್ಲಿಯೇ ಬೇಟೆಯನ್ನು ನಿಷೇಧಿಸಿದರು. ಯೂರೋಪಿನ ಅಭಯಾರಣ್ಯಗಳಲ್ಲಿ ಇದು ಅತ್ಯಂತ ಪ್ರಾಚೀನವಾದುವುಗಳಲ್ಲೊಂದು. ಕಾಡುಮೇಕೆಗಳೂ ಶಾಮ್ವಾ ಎಂಬ ಬೆಟ್ಟದ ಜಿಂಕೆಯಂತಹ ಪ್ರಾಣಿಗಳೂ ಇಂದಿಗೂ ಅಲ್ಲಿ ನಿರ್ಭಯವಾಗಿ ತಿರುಗುತ್ತವೆ.

ಹೊರಗಿನ ಇತಿಹಾಸವು ಈ ಊರಿಗೆ ಒಂದೇ ಒಂದು ರಾತ್ರಿ ದೊಡ್ಡದಾಗಿ ಬಂದುಹೋಯಿತು. ೧೭೯೯ನೆಯ ಅಕ್ಟೋಬರ್ ೫. ಫ್ರೆಂಚರೊಡನೆ ಹೋರಾಡಲು ಇಟಲಿಯಿಂದ ಆಲ್ಪ್ಸ್ ಪರ್ವತವನ್ನು ದಾಟಿ ಬಂದ ರಷ್ಯದ ಸೇನಾಪತಿ ಸುವೊರೋವನು ಎಲ್ಲ ಕಡೆಯೂ ದಾರಿ ಕಟ್ಟಿಹೋಗಲು ತನ್ನ ಹಸಿದ ಸೇನೆಯೊಡನೆ ಈ ಕಣಿವೆಯನ್ನು ಹೊಕ್ಕನು. ಅವನಿಗೆ ಆಗ ಎಪ್ಪತ್ತರ ಹತ್ತಿರದ ವಯಸ್ಸು. ಫ್ರೆಂಚರು ಬೆನ್ನಟ್ಟಿ ಬರುತ್ತಿದ್ದರು. ಎಲ್ಮಿನ ಒಂದು ಮನೆಯಲ್ಲಿ ಆ ರಾತ್ರಿ ತಂಗಿದ್ದು, ಮಾರನೆಯ ದಿನ ಬೆಳಕು ಹರಿಯುವುದಕ್ಕೆ ಮೊದಲೇ ೭೯೦೦ ಅಡಿ ಎತ್ತರದ ಪಾನಿಕ್ಸರ್ ಕಣಿವೆಮಾರ್ಗವನ್ನು ಹಿಡಿದು ಹೊರಟನು. ಹೊಸದಾಗಿ ಬಿದ್ದ ಹಿಮದಲ್ಲಿ ದಾರಿ ಕಾಣದೆ ಸೈನಿಕರೂ ಹೇಸರಗತ್ತೆಗಳೂ ಪ್ರಪಾತಗಳಿಗೆ ಉರುಳಿದರು. ಫಿರಂಗಿಗಳನ್ನು ಅಲ್ಲಿಯೇ ಬಿಡಬೇಕಾಯಿತು. ಅವನು ತಂಗಿದ ಮನೆಯನ್ನು ಇಂದಿಗೂ ತೋರಿಸುತ್ತಾರೆ. ಸಾವಿರಾರು ಜನ ಹಸಿದ ಸೈನಿಕರು ಒಂದು ರಾತ್ರಿ ಇಳಿದುಕೊಂಡ ಮೇಲೆ ಆ ಊರಿನವರ ಚಳಿಗಾಲವು ಹೇಗೆ ಕಳೆಯಿತೆಂಬುದನ್ನು ವೀರಗಾಥೆಗಳನ್ನು ಬರೆಯುವವರು ಸಾಮಾನ್ಯವಾಗಿ ಕೇಳುವುದಿಲ್ಲ.

ಈಗ ಸ್ಲೇಟಿನ ವಿಷಯಕ್ಕೆ ಬರೋಣ. ಸೆರ್ನ್ಫ್ ಕಣಿವೆಯ ಕಪ್ಪು ಕಲ್ಲು ಪುಸ್ತಕದ ಹಾಳೆಗಳಂತೆ ತೆಳ್ಳಗೆ ಸೀಳುವಂತಹದು. ಅದು ಮೂಲತಃ ಪ್ರಾಚೀನ ಸಮುದ್ರವೊಂದರ ತಳದ ಕೆಸರು. ಸುಮಾರು ಮೂರು ಕೋಟಿ ವರ್ಷಗಳ ಹಿಂದಿನ ಮೀನುಗಳ ಅಸ್ಥಿಗಳು ಅದರ ಹಾಳೆಗಳ ನಡುವೆ ಒತ್ತಿಟ್ಟ ಎಲೆಗಳಂತೆ ಉಳಿದಿವೆ. ಲೂಯಿ ಅಗಾಸಿ ಎಂಬ ಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞನು ಈ ಮೀನುಗಳನ್ನು ಪರಿಶೀಲಿಸಿದನು. ಕೆಳಗಿನ ಎಂಗಿಯಲ್ಲಿ ಶತಮಾನಗಳಿಂದ ಈ ಕಲ್ಲನ್ನು ತೆಗೆದು ಮೇಜಿನ ಹಲಗೆ, ಮನೆಯ ಮಾಡು, ಬರೆಯುವ ಪಾಟಿ ಮೊದಲಾದುವನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದೇಶಗಳು ಒಂದೊಂದಾಗಿ ಮಕ್ಕಳಿಗೆಲ್ಲ ಶಾಲೆಯನ್ನು ಕಡ್ಡಾಯ ಮಾಡಿದುವು. ಕಾಗದವು ಬಡವರ ಮಕ್ಕಳಿಗೆ ದುಬಾರಿ. ಆದುದರಿಂದ ಶಾಲೆಗಳು ಹೆಚ್ಚಿದಷ್ಟೂ ಸ್ಲೇಟಿಗೆ ಬೇಡಿಕೆ ಹೆಚ್ಚಿತು.

ಸ್ಲೇಟಿನ ಮಹತ್ವವನ್ನು ಇಂದಿನ ಹುಡುಗರಿಗೆ ತಿಳಿಸಿ ಹೇಳುವುದು ಸುಲಭವಲ್ಲ. ಮರದ ಚೌಕಟ್ಟಿನ ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರಸಿ, ಬಿಸಿಲಿಗೆ ಬೀಸಿ ಆರಿಸಿ, ಅದರ ಮೇಲೆ ಅಕ್ಷರವನ್ನು ತಿದ್ದಿದ ಪೀಳಿಗೆಗೆ ಮಾತ್ರ ಅದು ತಿಳಿದೀತು. ಕ್ಷರವಾಗದುದು, ನಾಶವಾಗದುದು ಅಕ್ಷರವೆಂದು ಪಂಡಿತರು ವ್ಯುತ್ಪತ್ತಿ ಹೇಳುತ್ತಾರೆ. ದಿನಕ್ಕೆ ಹತ್ತು ಸಲ ಅಂಗೈಯಿಂದ ಅಳಿಸಿ ಮತ್ತೆ ಬರೆದಲ್ಲದೆ ಅದು ಅವಿನಾಶಿಯಾಗುವುದಿಲ್ಲವೆಂಬುದು ಉಪಾಧ್ಯಾಯರ ಅನುಭವ. ನಮ್ಮ ಕಡೆ ಮಾರಾಟಕ್ಕೆ ಬರುತ್ತಿದ್ದ ಸ್ಲೇಟುಗಳಲ್ಲಿ ಆಂಧ್ರದ ಮಾರ್ಕಾಪುರದವು ಹೆಸರಾದುವು. ಅವನ್ನು ತೆಗೆದ ಕೈಗಳನ್ನು ನಾವು ಯಾರೂ ನೆನೆಯಲಿಲ್ಲ. ಯೂರೋಪಿನ ಮಕ್ಕಳೂ ಗ್ಲಾರುಸಿನ ಕೈಗಳನ್ನು ನೆನೆದಿರಲಾರರು.

ಎಲ್ಮ್ ಊರಿನವರು ತಮ್ಮ ಹತ್ತಿರದ ಚಿಂಗೆಲ್‌ಬೆರ್ಗ್ ಎಂಬ ಬೆಟ್ಟದ ಬುಡದಲ್ಲಿ ೧೮೬೮ರಲ್ಲಿ ಸ್ಲೇಟಿನ ಗಣಿಯನ್ನು ತೆರೆದರು. ಬಡ ಊರು. ಅದೇ ಕ್ಯಾಂಟನಿನಿಂದ ೧೮೪೫ರಲ್ಲಿ ಜನರು ಅಮೆರಿಕಕ್ಕೆ ವಲಸೆ ಹೋಗಿ ನ್ಯೂ ಗ್ಲಾರುಸ್ ಎಂಬ ಊರನ್ನೇ ಕಟ್ಟಿದ್ದರು. ಇಲ್ಲಿಯೇ ಕೂಲಿ ದೊರೆತರೆ ಯಾರು ತಾನೆ ಮನೆ ಬಿಟ್ಟು ಹೋಗುವರು? ಚಳಿಗಾಲದಲ್ಲಿ ಕೆಲಸವಿಲ್ಲದ ದನಗಾಹಿಗಳಿಗೆ ಗಣಿಯು ಅನ್ನ ಕೊಟ್ಟಿತು, ಊರಿನ ಬೊಕ್ಕಸಕ್ಕೂ ಆದಾಯ ತಂದಿತು. ಆದರೆ ಗಣಿಯ ಶಾಸ್ತ್ರವನ್ನು ಬಲ್ಲವರು ಅಲ್ಲಿರಲಿಲ್ಲ. ಒಳ್ಳೆಯ ಕಲ್ಲಿನ ಪದರವು ಬೆಟ್ಟದ ಒಳಮುಖವಾಗಿ ಇಳಿದಿದ್ದಿತು. ಅದನ್ನು ಹಿಂಬಾಲಿಸಿ, ಮೇಲಿನ ಭಾರಕ್ಕೆ ಆಧಾರವಾಗಿ ಕಂಬಗಳನ್ನು ಬಿಡದೆ ಕೊರೆಯುತ್ತ ಹೋದರು. ಹದಿಮೂರು ವರ್ಷಗಳಲ್ಲಿ ಬೆಟ್ಟದ ಪಾದದಲ್ಲಿ ಸುಮಾರು ಆರು ನೂರು ಅಡಿ ಅಗಲದ, ಇನ್ನೂರು ಅಡಿಗಳಿಗೂ ಮೀರಿ ಒಳಕ್ಕೆ ಹೋದ ಕಚ್ಚು ಉಂಟಾಯಿತು. ಮರವನ್ನು ಕಡಿಯುವವನು ಬುಡದಲ್ಲಿ ಹಾಕುವ ಕಚ್ಚಿನಂತೆಯೇ ಅದು.

ಬೆಟ್ಟವು ಮುನ್ಸೂಚನೆ ಕೊಡಲಿಲ್ಲವೆಂದು ಹೇಳಲಾಗದು. ೧೮೭೬ರಲ್ಲಿಯೇ ಗಣಿಯಿಂದ ಸಾವಿರ ಅಡಿಗೂ ಮೇಲೆ ಅಡ್ಡಲಾಗಿ ಒಂದು ಬಿರುಕು ಕಾಣಿಸಿಕೊಂಡಿತ್ತು. ೧೮೮೧ರ ಬೇಸಗೆಯ ವೇಳೆಗೆ ಅದು ಹತ್ತು ಹದಿನೈದು ಅಡಿ ಬಾಯಿಬಿಟ್ಟು, ಮೇಲಿನ ತೊರೆಗಳ ನೀರು ಅದರೊಳಗೆ ಇಳಿಯುತ್ತಿತ್ತು. ಆಗಸ್ಟು ಸೆಪ್ಟೆಂಬರುಗಳಲ್ಲಿ ಮಳೆ ಹಿಡಿಯಿತು. ಕಲ್ಲುಗಳು ಉರುಳತೊಡಗಿದುವು, ಬೆಟ್ಟದೊಳಗಿನಿಂದ ಸದ್ದು ಕೇಳುತ್ತಿತ್ತು. ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಗಣಿಯ ಕೆಲಸವನ್ನು ನಿಲ್ಲಿಸಿದರು. ಸೆಪ್ಟೆಂಬರ್ ೧೦ನೆಯ ಶನಿವಾರ ಊರಿನ ಪ್ರಮುಖರೂ ಅರಣ್ಯಾಧಿಕಾರಿಯೂ ಸೇರಿದ ಒಂದು ಸಮಿತಿಯು ಬೆಟ್ಟವನ್ನು ಹತ್ತಿ ನೋಡಿ ಬಂದಿತು. ಅಪಾಯವುಂಟು, ಆದರೆ ಸದ್ಯಕ್ಕಿಲ್ಲವೆಂಬುದು ಅವರ ತೀರ್ಮಾನ. ಎಪ್ಪತ್ತೈದು ವರ್ಷಗಳ ಹಿಂದೆ, ೧೮೦೬ರಲ್ಲಿ, ಅದೇ ದೇಶದ ಗೋಲ್ಡೌ ಎಂಬ ಊರು ಬೆಟ್ಟದ ಕೆಳಗೆ ಹೂತುಹೋಗಿ ನಾಲ್ಕು ನೂರ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅದನ್ನು ಕೇಳದವರು ಸ್ವಿಟ್ಜರ್ಲೆಂಡಿನಲ್ಲಿ ಇರಲಿಲ್ಲ. ಆದರೂ ಯಾರೂ ಮನೆಗಳನ್ನು ತೆರವು ಮಾಡಿಸಲಿಲ್ಲ. ದುಷ್ಟತನದಿಂದ ಹೀಗಾಯಿತೆಂದು ನಾವು ಹೇಳುವುದಿಲ್ಲ. ತಮ್ಮ ಊರಿನ ಬೆಟ್ಟವು ತಮಗೆ ಹಾಗೆ ಮಾಡೀತೆಂದು ಮನುಷ್ಯನ ಮನಸ್ಸು ಒಪ್ಪುವುದಿಲ್ಲ.

ಮಾರನೆಯ ದಿನ ಭಾನುವಾರ. ಸಂಜೆ ಐದೂವರೆಯ ಸುಮಾರಿಗೆ ಬೆಟ್ಟದ ಪೂರ್ವಪಾರ್ಶ್ವದಿಂದ ಒಂದು ಭಾಗವು ಕುಸಿದು ಗಣಿಯ ಮೇಲೆ ಬಿದ್ದಿತು. ಬೆಟ್ಟದ ಕೆಳಗಿನ ಉಂಟರ್‌ಟಾಲ್ ಎಂಬ ಕೇರಿಯ ಜನರು ಹೊರಬಂದು ನೋಡತೊಡಗಿದರು. ಕೆಲವರು ಸಾಮಾನುಗಳನ್ನು ಹೊರಗೆ ಸಾಗಿಸುವವರಿಗೆ ನೆರವಾಗಲು ಹೋದರು. ಹದಿನೇಳು ನಿಮಿಷಗಳ ಮೇಲೆ ಪಶ್ಚಿಮಪಾರ್ಶ್ವದಿಂದ ಎರಡನೆಯ ಕುಸಿತವು ಬಂದು ಅಲ್ಲಿಯ ಒಂದು ಛತ್ರವನ್ನೂ ಕೆಲವು ಮನೆಗಳನ್ನೂ ಪುಡಿಮಾಡಿತು. ನೆರವಿಗೆ ಹೋದವರು ಅಲ್ಲಿಯೇ ಸಿಕ್ಕಿಕೊಂಡರು. ಉಳಿದವರು ಎದುರುಗಡೆಯ ಡ್ಯೂನಿಬೆರ್ಗ್ ಎಂಬ ಇಳಿಜಾರನ್ನು ಹತ್ತಿ ಓಡಿದರು. ಎತ್ತರಕ್ಕೆ ಏರಿದರೆ ಕ್ಷೇಮವೆಂದು ಯಾರಾದರೂ ಭಾವಿಸುವುದು ಸಹಜ. ನಾಲ್ಕು ನಿಮಿಷ ಕಳೆಯಿತು. ಆಗ ಎರಡು ಪಾರ್ಶ್ವಗಳ ಆಸರೆಯನ್ನು ಕಳೆದುಕೊಂಡ ನಡುವಿನ ಬೆಟ್ಟವೇ ಇಡಿಯಾಗಿ ಇಳಿಯಿತು.

ಸಂಸ್ಕೃತದಲ್ಲಿ ಬೆಟ್ಟಕ್ಕೆ ಅಚಲವೆಂದೂ ನಗವೆಂದೂ ಹೆಸರು: ಚಲಿಸದುದು, ಹೋಗದುದು. ಆದರೆ ಒಂದಾನೊಂದು ಕಾಲದಲ್ಲಿ ಪರ್ವತಗಳಿಗೆ ರೆಕ್ಕೆಗಳಿದ್ದು ಅವು ಎಲ್ಲೆಂದರಲ್ಲಿ ಹಾರಿ ಊರುಗಳ ಮೇಲೆ ಕುಳಿತುಕೊಳ್ಳುತ್ತಿದ್ದುವು, ಇಂದ್ರನು ವಜ್ರದಿಂದ ಅವುಗಳ ರೆಕ್ಕೆ ಕತ್ತರಿಸಿದನು ಎಂದು ಪೌರಾಣಿಕರು ಹೇಳುವುದುಂಟು. ಎಲ್ಮಿನಲ್ಲಿ ಅಂದು ಕಂಡವರು ಹೇಳಿದುದು ಈ ಕಥೆಗೆ ತೀರ ಹತ್ತಿರವಾಗಿದೆ. ಆ ಊರಿನ ಶಾಲೋಪಾಧ್ಯಾಯ ವೀಸ್ ಎಂಬಾತನು ತನ್ನ ಕಿಟಕಿಯಿಂದ ಇದನ್ನು ನೋಡಿದನು. ಕುಸಿದ ರಾಶಿಯು ಗಣಿಯ ಮೆಟ್ಟಿಲಿಗೆ ಬಂದು ತಗಲಿದೊಡನೆ ಕೆಳಕ್ಕೆ ಬೀಳದೆ ಅಡ್ಡಲಾಗಿ ಆಕಾಶಕ್ಕೆ ಚಿಮ್ಮಿತು. ಅದರ ಕೆಳಗಿನಿಂದ ಆಚೆಯ ಬಯಲು ಕಾಣುವಂತಿದ್ದಿತು. ಹಾಗೆ ಹಾರಿ ಹೋದುದು ಎದುರಿನ ಡ್ಯೂನಿಬೆರ್ಗಿಗೆ ಅಪ್ಪಳಿಸಿ, ಇಳಿಜಾರನ್ನು ಮುನ್ನೂರು ಅಡಿ ಮೇಲಕ್ಕೆ ಏರಿ, ಅಲ್ಲಿಗೆ ಓಡಿದ್ದವರನ್ನು ನುಂಗಿತು. ಅಲ್ಲಿಂದ ತಿರುಗಿ ಕಣಿವೆಯ ನೆಲವನ್ನು ಹಿಡಿದು ಒಂದು ಮೈಲಿಯಷ್ಟು ಹೊಳೆಯಂತೆ ಹರಿದು, ಹರಿದಷ್ಟೇ ಥಟ್ಟನೆ ನಿಂತುಬಿಟ್ಟಿತು. ಮುಂದೆ ನೂಕಿದ ಗಾಳಿಗೇ ಮರಮನೆಗಳು ಉರುಳಿದುವು. ಇದಿಷ್ಟಕ್ಕೂ ಹಿಡಿದ ಕಾಲ ಒಂದು ನಿಮಿಷಕ್ಕಿಂತ ಕಡಮೆ. ಬಿದ್ದ ಕಲ್ಲು ಸುಮಾರು ಒಂದು ಕೋಟಿ ಘನ ಮೀಟರು. ಸತ್ತವರು ೧೧೪, ಕೆಲವರ ಲೆಕ್ಕದಲ್ಲಿ ೧೧೫. ಹೆಚ್ಚಿನವರ ದೇಹಗಳು ದೊರೆಯಲಿಲ್ಲ. ರಾಶಿಯ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದು, ಅದಕ್ಕೆ ತಗಲಿಕೊಂಡಿದ್ದ ಹುಲ್ಲು ಸಹ ಬಾಡಿರಲಿಲ್ಲ. ಊರಿನ ನಡುಭಾಗವೂ ಇಗರ್ಜಿಯೂ ಉಳಿದುವು.

ಉಪಾಧ್ಯಾಯನಾದವನು ಕಿಟಕಿಯಲ್ಲಿ ನಿಂತು ಇದನ್ನು ನೋಡಿದನೆಂದು ಓದುವಾಗ ನಮಗೆ ಬೇರೆಯದೇ ಒಂದು ಯೋಚನೆ ಬರುತ್ತದೆ. ಮರುದಿನ ಸೋಮವಾರ. ಶಾಲೆಯ ಹಾಜರಿ ಪುಸ್ತಕವನ್ನು ಅವನು ಮತ್ತೆ ಎಂದು ತೆರೆದನೋ, ತೆರೆದಾಗ ಹೆಸರುಗಳನ್ನು ಹೇಗೆ ಕರೆದನೋ!

ಜ್ಯೂರಿಕ್ ನಗರದಲ್ಲಿ ಭೂವಿಜ್ಞಾನದ ಪ್ರೊಫೆಸರನಾಗಿದ್ದ ಆಲ್ಬರ್ಟ್ ಹೈಮ್, ಹಿಂದೆ ಹೇಳಿದ ಅದೇ ಹೈಮ್, ಆಗ ಮೂವತ್ತೆರಡರ ತರುಣ. ಅವನು ಎಲ್ಮಿಗೆ ಬಂದು ಬಿದ್ದ ರಾಶಿಯನ್ನು ಅಳೆದನು. ಬದುಕಿ ಉಳಿದವರನ್ನು ಕೇಳಿ ಕೇಳಿ ಅವರ ಮಾತುಗಳನ್ನು ಬರೆದುಕೊಂಡನು. ಅರ್ನ್‌ಸ್ಟ್ ಬುಸ್ ಎಂಬ ಪಾದ್ರಿಯೊಡನೆ ಸೇರಿ ಆ ವರ್ಷವೇ ಒಂದು ಗ್ರಂಥವನ್ನು ಪ್ರಕಟಿಸಿದನು. ಗ್ರಾಮಸ್ಥರ ಹೇಳಿಕೆಯನ್ನು ಪಾಮರರ ಉತ್ಪ್ರೇಕ್ಷೆಯೆಂದು ತಳ್ಳದೆ ಶಾಸ್ತ್ರಕ್ಕೆ ಪ್ರಮಾಣವಾಗಿ ಸ್ವೀಕರಿಸಿದುದೇ ಅವನ ಹಿರಿಮೆಯೆಂದು ನಮ್ಮ ಅಭಿಪ್ರಾಯ. ಒಣಗಿದ ಕಲ್ಲಿನ ರಾಶಿಯು ನೀರಿನಂತೆ ಅಷ್ಟು ದೂರ ಹರಿಯುವುದು ಹೇಗೆ? ಚೂರುಗಳು ಪರಸ್ಪರ ತಾಕಲಾಡುತ್ತ ಒಂದು ತನ್ನ ವೇಗವನ್ನು ಮತ್ತೊಂದಕ್ಕೆ ದಾಟಿಸುವುದರಿಂದಲೆಂದು ಅವನು ಊಹಿಸಿದನು. ೧೯೩೨ರಲ್ಲಿ, ಎಂಬತ್ತು ದಾಟಿದ ಮೇಲೆ, ಬೆಟ್ಟದ ಕುಸಿತಗಳನ್ನೂ ಮನುಷ್ಯರ ಪ್ರಾಣಗಳನ್ನೂ ಕುರಿತು ಇನ್ನೊಂದು ಗ್ರಂಥ ಬರೆದನು. ಚೀನಾದಲ್ಲಿ ಹುಟ್ಟಿ ಜ್ಯೂರಿಕ್ಕಿನಲ್ಲಿ ಪ್ರೊಫೆಸರನಾದ ಕೆನೆತ್ ಶ್ಯೂ ಎಂಬಾತನು ೧೯೭೫ರಲ್ಲಿ ಎಲ್ಮಿನ ಸಾಕ್ಷಿಗಳ ಆ ಮಾತುಗಳನ್ನೇ ಮತ್ತೆ ಓದಿ ಹೈಮನ ವಾದವನ್ನು ಎತ್ತಿಹಿಡಿದನು. ಇಂತಹ ಶಿಲಾಪ್ರವಾಹಗಳ ವಿಷಯವನ್ನು ಜಗತ್ತಿನಲ್ಲಿ ಎಲ್ಲಿ ಪಾಠ ಹೇಳಿದರೂ ಎಲ್ಮಿನ ಹೆಸರು ಬಾರದೆ ಇರುವುದು ಅಪರೂಪ.

ಊರು ಖಾಲಿಯಾಗಲಿಲ್ಲ. ಕಲ್ಲಿನ ರಾಶಿಯ ಮೇಲೆ ಕಾಲಕ್ರಮದಲ್ಲಿ ಹುಲ್ಲು ಬೆಳೆಯಿತು. ಉಬ್ಬುತಗ್ಗಾದ ಆ ಗಾವಲಿನಲ್ಲಿ ಇಂದು ದನಗಳು ಮೇಯುತ್ತವೆ. ಸ್ಲೇಟನ್ನೂ ಅವರು ಬಿಡಲಿಲ್ಲವೆಂದರೆ ವಾಚಕರಿಗೆ ಸೋಜಿಗವಾಗಬಹುದು. ೧೮೯೮ರಲ್ಲಿ ಊರಿನಲ್ಲಿ ಸ್ಲೇಟುಪಾಟಿಗಳ ಒಂದು ಕಾರ್ಖಾನೆ ಹುಟ್ಟಿತು. ಸೀಳಿದ ಕಲ್ಲನ್ನು ಅಳತೆಗೆ ಕತ್ತರಿಸಿ, ಹೆರೆದು, ಉಜ್ಜಿ ನಯ ಮಾಡಿ, ಗೆರೆಗಳನ್ನೆಳೆದು, ಮರದ ಚೌಕಟ್ಟು ಕೂರಿಸಿ ಕಳುಹಿಸುತ್ತಿದ್ದರು. ಇಸ್ಪೀಟಿನ ಆಟದಲ್ಲಿ ಲೆಕ್ಕ ಬರೆಯುವ ಹಲಗೆಗಳೂ ಅಲ್ಲಿ ತಯಾರಾಗುತ್ತಿದ್ದುವು. ಸ್ವಿಸ್ ಜನರು ಇಂದಿಗೂ ಆ ಲೆಕ್ಕವನ್ನು ಬಳಪದಿಂದ ಸ್ಲೇಟಿನ ಮೇಲೆಯೇ ಬರೆಯುತ್ತಾರೆ. ಆದರೆ ಕಲ್ಲಿನ ಧೂಳು ಕೆಲಸಗಾರರ ಶ್ವಾಸಕೋಶವನ್ನು ಹೊಕ್ಕು ಆಯುಷ್ಯವನ್ನು ಕಡಮೆ ಮಾಡುತ್ತಿತ್ತು. ಬೆಟ್ಟವು ಒಂದು ನಿಮಿಷದಲ್ಲಿ ತೆಗೆದುಕೊಂಡುದಕ್ಕೆ ಕಲ್ಲುಬರೆಹಗಳಿವೆ, ಗ್ರಂಥಗಳಿವೆ; ಧೂಳು ಮೆಲ್ಲಮೆಲ್ಲನೆ ತೆಗೆದುಕೊಂಡುದರ ಲೆಕ್ಕವನ್ನು ಹಾಗೆ ಯಾರೂ ಇಡುವುದಿಲ್ಲ. ಅಗ್ಗದ ಕಾಗದವು ಬಂದ ಮೇಲೆ ಶಾಲೆಗಳು ಸ್ಲೇಟನ್ನು ಬಿಟ್ಟುವು. ಎಂಗಿಯ ಗಣಿಯು ೧೯೬೧ರಲ್ಲಿ ಮುಚ್ಚಿತು, ಎಲ್ಮಿನ ಕಾರ್ಖಾನೆಯು ೧೯೮೩ರಲ್ಲಿ. ಕ್ಯಾಂಟನಿನವರು ಕಾರ್ಖಾನೆಯನ್ನು ಯಂತ್ರೋಪಕರಣಗಳ ಸಹಿತ ಇದ್ದಂತೆಯೇ ಉಳಿಸಿಕೊಂಡು ವಸ್ತುಪ್ರದರ್ಶನಶಾಲೆಯನ್ನಾಗಿ ಮಾಡಿರುತ್ತಾರೆ.

ಇನ್ನುಳಿದ ವಿಷಯಗಳನ್ನು ಬೇಗನೆ ಹೇಳಬಹುದು. ಶ್ವಾಂಡೆನಿನಿಂದ ಎಲ್ಮಿಗೆ ೧೯೦೫ರಲ್ಲಿ ವಿದ್ಯುತ್ ರೈಲು ಬಂದಿತು; ೧೯೬೯ರಲ್ಲಿ ಅದನ್ನು ನಿಲ್ಲಿಸಿ ಬಸ್ಸು ಓಡಿಸಿದರು. ಊರಿನ ಚಿಲುಮೆಯ ನೀರಿನಿಂದ ಮಾಡುವ ನಿಂಬೆಯ ಪಾನಕವು ಆ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಹಳೆಯ ಮರದ ಮನೆಗಳನ್ನು ಕೆಡಿಸದೆ ಕಾಪಾಡಿಕೊಂಡುದಕ್ಕಾಗಿ ೧೯೮೧ರಲ್ಲಿ, ಬೆಟ್ಟ ಬಿದ್ದು ಸರಿಯಾಗಿ ನೂರು ವರ್ಷವಾದಾಗ, ಎಲ್ಮಿಗೆ ವಾಕರ್ ಪಾರಿತೋಷಕವು ದೊರೆಯಿತು. ಹಿಮದ ಮೇಲೆ ಜಾರುವ ಆಟದಲ್ಲಿ ಮೂರು ಒಲಿಂಪಿಕ್ ಚಿನ್ನದ ಪದಕಗಳನ್ನು ಗೆದ್ದ ಫ್ರೇನಿ ಷ್ನೈಡರ್ ಈ ಊರಿನ ಮಗಳು, ೧೯೬೪ರಲ್ಲಿ ಹುಟ್ಟಿದವಳು. ೧೯೮೮ರಲ್ಲಿ ಎರಡು, ೧೯೯೪ರಲ್ಲಿ ಒಂದು. ಇದಲ್ಲದೆ ವಿಶ್ವಕಪ್ ಸ್ಪರ್ಧೆಗಳಲ್ಲಿ ೫೫ ಜಯಗಳು. ಬೆಟ್ಟದಿಂದ ವೇಗವಾಗಿ ಇಳಿಯುವುದರಲ್ಲಿ ಅವಳನ್ನು ಮೀರಿಸಿದವರು ಆ ಕಾಲದಲ್ಲಿ ಬಹಳ ಕಡಮೆ.

ಎಲ್ಮ್ ಈಗ ಪ್ರತ್ಯೇಕವಾದ ಪುರಸಭೆಯಲ್ಲ. ಗ್ಲಾರುಸಿನಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಭಾನುವಾರ, ಜನರೆಲ್ಲ ಬಯಲಿನಲ್ಲಿ ಕೂಡಿ ಕೈಯೆತ್ತಿ ಶಾಸನ ಮಾಡುವ ಪ್ರಾಚೀನ ಪದ್ಧತಿಯುಂಟು. ಹಾಗೆ ಕೂಡಿದ ಸಭೆಯು ೨೦೦೬ರಲ್ಲಿ, ಕ್ಯಾಂಟನಿನ ೨೫ ಪುರಸಭೆಗಳನ್ನು ಕೇವಲ ಮೂರಾಗಿ ಮಾಡತಕ್ಕುದೆಂದು ಯಾರೂ ನಿರೀಕ್ಷಿಸದ ತೀರ್ಮಾನವನ್ನು ಕೈಗೊಂಡಿತು. ಅದರಂತೆ ೨೦೧೧ನೆಯ ಜನವರಿ ೧ರಿಂದ ಎಲ್ಮ್, ಮಾಟ್, ಎಂಗಿ, ಶ್ವಾಂಡೆನ್ ಮೊದಲಾದ ಊರುಗಳೆಲ್ಲ ದಕ್ಷಿಣ ಗ್ಲಾರುಸ್ ಎಂಬ ಒಂದೇ ಪುರಸಭೆಯಾಗಿವೆ. ವಿಸ್ತಾರವು ಸುಮಾರು ೪೩೦ ಚದರ ಕಿಲೋಮೀಟರು. ಒಂದು ಸಣ್ಣ ಊರಿನ ಸ್ವಾತಂತ್ರ್ಯವು ಅದರ ಸ್ವಂತ ಕೈಗಳೂ ಸೇರಿ ಎತ್ತಿದ ಮತದಿಂದ ಕೊನೆಗಂಡುದು ಹಿತವೋ ಅಹಿತವೋ, ಅಲ್ಲಿಯವರು ಇನ್ನೂ ಚರ್ಚಿಸಿಕೊಳ್ಳಲಿ.

ಆ ಹೊಸ ಪುರಸಭೆಗೆ ಹಳೆಯ ಪ್ರಶ್ನೆಯೇ ಮತ್ತೆ ಎದುರಾಯಿತು. ೨೦೨೩ನೆಯ ಆಗಸ್ಟು ೨೯ರಂದು, ಬಿರುಸಾದ ಮಳೆಯ ಮೇಲೆ, ಶ್ವಾಂಡೆನಿನ ಮೇಲಿನ ಇಳಿಜಾರು ಜಾರಿ ಕೆಸರು ಕಲ್ಲುಗಳು ಮನೆಗಳ ಮೇಲೆ ಬಂದುವು. ನೂರರಷ್ಟು ಜನರನ್ನು ಬೇರೆಡೆಗೆ ಸಾಗಿಸಿದರು, ಪ್ರಾಣಹಾನಿಯಾಗಲಿಲ್ಲ. ೨೦೨೫ರ ಮೇ ತಿಂಗಳಿನಲ್ಲಿ ಅದೇ ದೇಶದ ಇನ್ನೊಂದು ಮೂಲೆಯಲ್ಲಿ, ವಾಲೇ ಕ್ಯಾಂಟನಿನ ಬ್ಲಾಟೆನ್ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಚಲನೆ ಕಂಡುಬಂದಾಗ, ಅಳತೆಯ ಯಂತ್ರಗಳ ಮಾತನ್ನು ನಂಬಿ ಸುಮಾರು ಮುನ್ನೂರು ಜನರನ್ನೂ ದನಕರುಗಳನ್ನೂ ಮೇ ೧೯ರ ವೇಳೆಗೆ ಹೊರಗೆ ಕರೆದೊಯ್ದರು. ಒಂಬತ್ತು ದಿನ ಕಳೆದು, ಮೇ ೨೮ರಂದು, ಹಿಮನದಿಯೂ ಕಲ್ಲೂ ಒಟ್ಟಾಗಿ ಇಳಿದು ಹಳ್ಳಿಯ ಬಹುಪಾಲನ್ನು ಮುಚ್ಚಿದುವು. ಒಬ್ಬಾತನು ಮಾತ್ರ ಸತ್ತನು. ಶ್ವಾಂಡೆನಿನಲ್ಲಿ ಜಾರಿದ ಇಳಿಜಾರಿನ ಕೆಳಗಿನ ಮನೆಗಳಲ್ಲಿ ಹಲವನ್ನು ಆಮೇಲೆ ಕೆಡವಬೇಕಾಯಿತು. ಆ ಮನೆಗಳವರಿಗೆ ತಮ್ಮ ಸ್ಥಳಕ್ಕೆ ಹಿಂದಿರುಗುವ ಅನುಮತಿ ದೊರೆಯಲಿಲ್ಲ.